ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಓಎಸ್: ಹಾಕುವ ಮೊದಲು ಏನೇನು ನೋಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಎಂಬ ಓಎಸ್‌ಗೆ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶಕ್ಕೆ) ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಏಳೆಂಟು ವರ್ಷ ಹಳೆಯದಾದರೂ ದಿನನಿತ್ಯದ ಕೆಲಸಕ್ಕೆ ಏನೂ ಕೊರತೆ ಮಾಡದ ಲ್ಯಾಪ್‌ಟಾಪ್‌ಗಳನ್ನು ಇಟ್ಟುಕೊಂಡವರು ಅಂದಿನಿಂದ ಇಕ್ಕಟ್ಟಿನಲ್ಲಿದ್ದಾರೆ. ವಿಂಡೋಸ್ 11 ಹಾಕುವುದೇ, 10ರಲ್ಲೇ ಉಳಿಯುವುದೇ, ಉಚಿತವಾಗಿ ಸಿಗುವ ಲಿನಕ್ಸ್ ಓಎಸ್‌ಗೆ ಹೋಗುವುದೇ, ಇಲ್ಲಾ ಯಂತ್ರವನ್ನೇ ಬದಲಿಸುವುದೇ? ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ನಿಮ್ಮ ಯಂತ್ರಕ್ಕೆ ಸರಿಹೊಂದುವ ಉತ್ತರವನ್ನು ಒಂದು ಸಂಜೆಯಲ್ಲಿ ಕಂಡುಕೊಳ್ಳಬಹುದು, ಅದಕ್ಕೆ ದುಡ್ಡೂ ಖರ್ಚಾಗುವುದಿಲ್ಲ.

ಒಂದು ವಿಷಯ ಮೊದಲೇ ಖಚಿತವಾಗಲಿ. ಓಎಸ್ ಬದಲಿಸಿದರೆ ಹಳೆಯ ಲ್ಯಾಪ್‌ಟಾಪ್ ಚುರುಕಾಗುತ್ತದೆ ಎಂಬ ನಿರೀಕ್ಷೆ ಬೇಡ. ವಿಂಡೋಸ್‌ನ ಹೊಸ ಆವೃತ್ತಿ ಹಳೆಯದಕ್ಕಿಂತ ಹೆಚ್ಚು ಮೆಮೊರಿಯನ್ನೇ ಕೇಳುತ್ತದೆ. ಓಎಸ್ ಬದಲಿಸಲು ನಿಜವಾದ ಕಾರಣ ಭದ್ರತೆ: ಬೆಂಬಲ ನಿಂತ ಮೇಲೆ ಪತ್ತೆಯಾಗುವ ದೋಷಗಳನ್ನು ಯಾರೂ ಸರಿಪಡಿಸುವುದಿಲ್ಲ. ವೇಗ ಬೇಕಿದ್ದರೆ ಕೈ ಹಾಕಬೇಕಾದದ್ದು ಡಿಸ್ಕ್‌ಗೆ (ಕಡತಗಳು ಉಳಿಯುವ ಜಾಗ) ಮತ್ತು ರ‍್ಯಾಮ್‌ಗೆ (ಕೆಲಸದ ಹೊತ್ತಿನ ಮೆಮೊರಿ). ಭದ್ರತೆ, ವೇಗ ಎರಡನ್ನೂ ಬೆರೆಸಿಕೊಂಡವರೇ ಹೆಚ್ಚಾಗಿ ನಿರಾಶರಾಗುವುದು. ಹಾಗಾಗಿ ಮೊದಲು ಯಂತ್ರದ ಆರೋಗ್ಯ ನೋಡಿ, ಆಮೇಲೆ ಅದು ಯಾವ ಓಎಸ್ ಹೊರಬಲ್ಲದು ಎಂಬುದನ್ನು, ನಂತರ ನಿಮ್ಮ ತಂತ್ರಾಂಶ ಮತ್ತು ಪ್ರಿಂಟರ್‌ಗಳನ್ನು. ಇನ್‌ಸ್ಟಾಲ್ ಕೊನೆಗೆ.

ಮೊದಲು ಡಿಸ್ಕ್ ಪರೀಕ್ಷೆ

ಎಲ್ಲಕ್ಕಿಂತ ಮೊದಲು ಡಿಸ್ಕ್ ನೋಡಬೇಕು, ಏಕೆಂದರೆ ಅಪ್‌ಗ್ರೇಡ್ ಮಾಡುವಾಗ ಹತ್ತಾರು ಜಿಬಿ ದತ್ತಾಂಶ ಓದಿ ಬರೆಯುವ ಕೆಲಸ ಅದರ ಮೇಲೆ ಬೀಳುತ್ತದೆ. ಸವೆದ ಹಾರ್ಡ್‌ಡಿಸ್ಕ್ ಕೈಕೊಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ತೆರೆಯಿರಿ. ಹಾರ್ಡ್‌ಡಿಸ್ಕ್ ಆಗಿದ್ದರೆ ಪಟ್ಟಿಯಲ್ಲಿ ಮೂರು ಸಾಲು ಹುಡುಕಿ: 05 (ಕೆಟ್ಟಿದ್ದರಿಂದ ಬೇರೆಡೆಗೆ ಸರಿಸಿದ ಸೆಕ್ಟರ್‌ಗಳು, ಎಂದರೆ ಡಿಸ್ಕ್‌ನ ಚಿಕ್ಕ ತುಂಡುಗಳು), ಸಿ5 (ಓದಲು ತಡವರಿಸುತ್ತಿರುವ ಸೆಕ್ಟರ್‌ಗಳು), ಸಿ6 (ಸರಿಪಡಿಸಲಾಗದವು). ಮೂರರಲ್ಲೂ ಕಚ್ಚಾ ಮೌಲ್ಯ (ರಾ ವ್ಯಾಲ್ಯೂಸ್) ಸೊನ್ನೆ ಇದ್ದರೆ ನೆಮ್ಮದಿ. ಈ ಮೌಲ್ಯ ಅಲ್ಲಿ ಹೆಕ್ಸಾಡೆಸಿಮಲ್ (16ರ ಆಧಾರದ ಸಂಖ್ಯೆ) ರೂಪದಲ್ಲಿ ಕಾಣುವುದರಿಂದ ದೊಡ್ಡ ಅಂಕಿಯನ್ನು ಹಾಗೆಯೇ ಓದಿ ಗಾಬರಿಯಾಗಬೇಡಿ, ಸೊನ್ನೆಯೋ ಅಲ್ಲವೋ ಎಂದಷ್ಟೇ ನೋಡಿದರೆ ಸಾಕು. 05ರಲ್ಲಿ ಸಣ್ಣ ಸಂಖ್ಯೆ ಇದ್ದು, ವಾರಗಟ್ಟಲೆ ಅದು ಬೆಳೆಯದಿದ್ದರೆ ತಕ್ಷಣದ ಅಪಾಯವಿಲ್ಲ. ಸಿ5 ಅಥವಾ ಸಿ6 ಸೊನ್ನೆಯಲ್ಲದಿದ್ದರೆ ಓಎಸ್ ಮಾತು ಬದಿಗಿಟ್ಟು, ಮುಖ್ಯವಾದ ಕಡತಗಳನ್ನು ಆಗಲೇ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಕಡತ ಇಡುವ ಡಿಸ್ಕ್) ಆಗಿದ್ದರೆ ಮೇಲೆಯೇ ಉಳಿದ ಆಯಸ್ಸು ಶೇಕಡಾವಾರು ಕಾಣುತ್ತದೆ.

ಆಮೇಲೆ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ (powercfg) ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ (/batteryreport) ಎಂದು ಸೇರಿಸಿ ಎಂಟರ್ ಒತ್ತಿ. ಬ್ರೌಸರ್‌ನಲ್ಲಿ ತೆರೆಯುವ ವರದಿಯೊಂದು ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಹೋಲಿಸಿ. ಮೊದಲನೆಯದು 42,000, ಎರಡನೆಯದು 18,000 ಇದ್ದರೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಸೋತಿದೆ. ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡುವವರಿಗೆ ಇದು ಅಡ್ಡಿಯಲ್ಲ. ಆದರೆ ಅಂಥ ಬ್ಯಾಟರಿ ನಂಬಿ ಬಯಾಸ್ (ಆನ್ ಆದ ಕೂಡಲೇ ಓಎಸ್‌ಗಿಂತ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಬೇಡಿ, ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು. ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದರೆ ಕ್ಲಿಕ್ ಆಗದಿದ್ದರೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿರುತ್ತದೆ. ಅದು ಬೆಂಕಿಯ ಅಪಾಯ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಬದಲಿಸಿದ ಮೇಲಷ್ಟೇ ಮುಂದಿನ ಮಾತು.

ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್‌ನ ಬಟನ್ ಸೆಲ್ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್2032. ಚಿಕ್ಕ ವಿಷಯ ಎನಿಸಿದರೂ ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲ ತಾಣಗಳಲ್ಲೂ ಪ್ರಮಾಣಪತ್ರದ ದೋಷ ತೋರಿಸುತ್ತದೆ, ಅಪ್‌ಡೇಟ್‌ಗಳೂ ಇಳಿಯುವುದಿಲ್ಲ. ಓಎಸ್ ಕೆಟ್ಟಿದೆ ಎಂದುಕೊಂಡು ಅದನ್ನೇ ಮತ್ತೆ ಹಾಕುವವರಿದ್ದಾರೆ, ಬೇಕಿದ್ದದ್ದು ಒಂದು ಸೆಲ್ ಅಷ್ಟೇ.

ನಿಧಾನ ಎಲ್ಲಿಂದ ಬರುತ್ತಿದೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ನೀವು ದಿನಾ ಬಳಸುವ ಬ್ರೌಸರ್, ಆಫೀಸ್ ಎಲ್ಲ ತೆರೆದಿಟ್ಟುಕೊಂಡೇ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು ಶೇ 15ರಲ್ಲಿ ಆರಾಮವಾಗಿದ್ದು ಡಿಸ್ಕ್ ಮಾತ್ರ ಶೇ 100ರಲ್ಲಿ ಅಂಟಿಕೊಂಡಿದ್ದರೆ ತೊಂದರೆ ಹಾರ್ಡ್‌ಡಿಸ್ಕ್‌ನದು. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ದೊಡ್ಡ ಕಡತವೊಂದನ್ನು ಸೆಕೆಂಡಿಗೆ ಸುಮಾರು 100 ಎಂಬಿ ವೇಗದಲ್ಲಿ ಓದಬಲ್ಲದು. ಆದರೆ ಓಎಸ್ ಓದುವುದು ಡಿಸ್ಕ್‌ನ ಮೂಲೆಮೂಲೆಯಲ್ಲಿ ಚದುರಿದ ಸಾವಿರಾರು ಸಣ್ಣ ಕಡತಗಳನ್ನು. ಪ್ರತಿಯೊಂದಕ್ಕೂ ಡಿಸ್ಕ್‌ನ ಮುಳ್ಳು ಜಾಗ ಬದಲಿಸಬೇಕು, ಆಗ ವೇಗ ಸೆಕೆಂಡಿಗೆ ಒಂದೆರಡು ಎಂಬಿಗೆ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿ ಕೂಡ ದೊಡ್ಡ ಕಡತಗಳನ್ನು ಸೆಕೆಂಡಿಗೆ 500 ಎಂಬಿಗೂ ಹೆಚ್ಚು ವೇಗದಲ್ಲಿ ಓದುತ್ತದೆ, ಸಣ್ಣ ಕಡತಗಳಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. ಹಾರ್ಡ್‌ಡಿಸ್ಕ್ ಮೇಲೆ ವಿಂಡೋಸ್ 11 ಹಾಕಲೇಬೇಡಿ. ಇದರಲ್ಲಿ ಎರಡನೇ ಮಾತಿಲ್ಲ.

ಎಸ್‌ಎಸ್‌ಡಿ ಕೊಳ್ಳುವ ಮುನ್ನ ಯಾವ ಜಾಗ ಇದೆ ಎಂದು ತಿಳಿದುಕೊಳ್ಳಿ. ಹಾರ್ಡ್‌ಡಿಸ್ಕ್ ಇದ್ದ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ 2.5 ಇಂಚಿನ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಮೊದಲು 9.5 ಮಿಮೀ ಡಿಸ್ಕ್ ಇದ್ದ ಕಡೆ ಸಡಿಲವಾಗದಂತೆ ತೆಳು ಚೌಕಟ್ಟು ಇಡಬೇಕಾಗುತ್ತದೆ. ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಎಚ್ಚರ: ನೋಡಲು ಒಂದೇ ರೀತಿ ಕಂಡರೂ ಕೆಲವು ಹಳೆಯ ಸ್ಲಾಟ್‌ಗಳು ಸಾಟಾ ಮಾತ್ರ ಒಪ್ಪುತ್ತವೆ, ಎನ್‌ವಿಎಂಇ ಎಂಬ ವೇಗದ ಬಗೆಯದನ್ನು ಹಾಕಿದರೆ ಪತ್ತೆಯೇ ಆಗುವುದಿಲ್ಲ. ಉದ್ದವೂ ಹೊಂದಬೇಕು. 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. 2242 ಜಾಗದಲ್ಲಿ ಅದು ಕೂರುವುದಿಲ್ಲ. ತಯಾರಕರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದೆಲ್ಲ ಬರೆದಿರುತ್ತದೆ, ಮಾದರಿ ಸಂಖ್ಯೆ ಹಾಕಿ ಹುಡುಕಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇ 85ಕ್ಕಿಂತ ಮೇಲೆಯೇ ನಿಂತಿದ್ದರೆ ರ‍್ಯಾಮ್ ಸಾಲದು. ಅದೇ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದೂ ಕಾಣುತ್ತದೆ. ಆದರೆ ಅದನ್ನೊಂದೇ ನಂಬಿ ರ‍್ಯಾಮ್ ಕೊಳ್ಳಬೇಡಿ. ಬೋರ್ಡ್‌ಗೇ ಬೆಸುಗೆ ಹಾಕಿದ ರ‍್ಯಾಮ್ ಕೂಡ ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಕೆಯಾಗುತ್ತದೆ. 2013ರ ನಂತರದ ಡಿಡಿಆರ್3 ಲ್ಯಾಪ್‌ಟಾಪ್‌ಗಳಿಗೆ ಹೆಚ್ಚಾಗಿ ಬೇಕಾದದ್ದು 1.35 ವೋಲ್ಟ್‌ನ ಡಿಡಿಆರ್3ಎಲ್. ಹಳೆಯ 1.5 ವೋಲ್ಟ್ ಕಡ್ಡಿ ಅದೇ ಸ್ಲಾಟ್‌ನಲ್ಲಿ ಸಲೀಸಾಗಿ ಕೂತರೂ ಹಲವು ಯಂತ್ರಗಳು ಬೂಟ್ ಆಗುವುದಿಲ್ಲ, ಎಂದರೆ ಶುರುವಾಗುವುದಿಲ್ಲ.

32 ಜಿಬಿ ಇಎಂಎಂಸಿ (ಚಿಪ್ ರೂಪದ) ಸಂಗ್ರಹವನ್ನು ಬೋರ್ಡ್‌ಗೇ ಬೆಸೆದು ಮಾರಿದ ಅಗ್ಗದ ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು, ಇವುಗಳಲ್ಲಿ ಬದಲಿಸಲು ಡಿಸ್ಕ್ ಎಂಬುದೇ ಇಲ್ಲ. ಇಂಥವಕ್ಕೆ ಉಳಿದ ದಾರಿ ಹಗುರ ಲಿನಕ್ಸ್ ಅಥವಾ ಗೂಗಲ್‌ನ ಓಎಸ್ ಆದ ಕ್ರೋಮ್‌ಓಎಸ್ ಫ್ಲೆಕ್ಸ್.

ಈಗಿರುವ ಓಎಸ್‌ಗೆ ಎಷ್ಟು ದಿನ ಉಳಿದಿದೆ?

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, 8.1ರದ್ದು 2023ರ ಜನವರಿ 10ಕ್ಕೆ ಮುಗಿದಿದೆ. ಇವೆರಡರ ಮೇಲೆ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತಿದೆ. ಈ ಯಂತ್ರಗಳಲ್ಲಿ ಬ್ಯಾಂಕ್ ವ್ಯವಹಾರ, ಇಮೇಲ್ ಇನ್ನೂ ನಡೆಯುತ್ತಿದ್ದರೆ ಯೋಚಿಸುತ್ತ ಕೂರುವ ಹಂತ ದಾಟಿದೆ. ಒಳ್ಳೆಯ ಆಂಟಿವೈರಸ್ ಇದೆಯಲ್ಲ ಎನ್ನುವವರು ಒಂದು ಅಂಶ ಗಮನಿಸಬೇಕು: ಆಂಟಿವೈರಸ್ ಗುರುತಿಸುವುದು ಒಳನುಗ್ಗಿದ ಕಡತವನ್ನು, ಓಎಸ್‌ನಲ್ಲೇ ಇರುವ ತೂತನ್ನು ಅದು ಮುಚ್ಚುವುದಿಲ್ಲ.

ವಿಂಡೋಸ್ 10 ಇರುವವರಿಗೆ ಇಎಸ್‌ಯು ಎಂಬ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಬಂದಿತು. ಮನೆಬಳಕೆದಾರರಿಗೆ ಅದರಲ್ಲಿ ಪ್ರಕಟಿಸಿದ ಅವಧಿ 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ ಸೇರಲು ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಜೊತೆಗೆ ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ. ಇದರಿಂದ ಹೊಸ ಸೌಲಭ್ಯವೇನೂ ಬರುವುದಿಲ್ಲ, ತೂತುಗಳಿಗೆ ತೇಪೆ ಮಾತ್ರ ಸಿಗುತ್ತದೆ. ಇದನ್ನು ಪರಿಹಾರ ಎಂದು ತಿಳಿಯದೆ, ಬದಲಾವಣೆಗೆ ಸಿಕ್ಕ ಬಿಡುವು ಎಂದು ಬಳಸಿಕೊಳ್ಳುವುದು ಜಾಣತನ.

ವಿಂಡೋಸ್ 11: ಆಗದು ಎಂದ ಮಾತ್ರಕ್ಕೆ ಆಗದೇ ಇರಬೇಕಿಲ್ಲ

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ (ಯಂತ್ರಕ್ಕೆ ವಿಂಡೋಸ್ 11 ಆಗುತ್ತದೆಯೇ ಎಂದು ನೋಡುವ ತಂತ್ರಾಂಶ) ಹಾಕಿ ಓಡಿಸಿ. ಅಧಿಕೃತ ಕನಿಷ್ಠ ಅಗತ್ಯ ಎಂದರೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಿಕಸ್ಥ ಓಎಸ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಸಾಮರ್ಥ್ಯವಿರುವ ಯುಇಎಫ್‌ಐ (ಬಯಾಸ್‌ನ ಹೊಸ ರೂಪ), ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್. 4 ಜಿಬಿ ಎಂಬುದು ಕಾಗದದ ಮೇಲಿನ ಲೆಕ್ಕ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆಯುವವರಿಗೆ 8 ಜಿಬಿ ಇಲ್ಲದೆ ನಡೆಯದು.

ಪರೀಕ್ಷೆಯಲ್ಲಿ ಕೆಂಪು ಗುರುತು ಬಂದರೆ ಅಲ್ಲಿಗೇ ಕೈ ಚೆಲ್ಲಬೇಡಿ, ಯಾವ ಸಾಲಿಗೆ ಬಂದಿದೆ ನೋಡಿ. ಟಿಪಿಎಂ ಇಲ್ಲ ಎಂದರೆ, 2016ರ ನಂತರದ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದು ಇದೆ, ಬಯಾಸ್‌ನಲ್ಲಿ ಆಫ್ ಆಗಿರಬಹುದು. ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಸೆಕ್ಯುರಿಟಿ ಅಥವಾ ಅಡ್ವಾನ್ಸ್‌ಡ್ ಪುಟದಲ್ಲಿ ಹುಡುಕಿ ಎನೇಬಲ್ ಮಾಡಿ.

ಸೆಕ್ಯೂರ್ ಬೂಟ್ ಸಾಲಿಗೆ ಕೆಂಪು ಬಂದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯಾಸ್ ಮೋಡ್ ಎಂಬ ಸಾಲು ನೋಡಿ. ಯುಇಎಫ್‌ಐ ಎಂದಿದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಮುಗಿಯಿತು. ಲೆಗಸಿ ಎಂದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಂಗಡಣೆ ವಿಧಾನದಲ್ಲಿದೆ. ಬಯಾಸ್‌ನಲ್ಲಿ ನೇರವಾಗಿ ಯುಇಎಫ್‌ಐಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ಡಿಸ್ಕ್ ಅನ್ನು ಜಿಪಿಟಿ ಎಂಬ ಹೊಸ ವಿಧಾನಕ್ಕೆ ಪರಿವರ್ತಿಸಬೇಕು, ಅದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಉಪಕರಣವಿದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ಹೆಸರಿನ ಮುಂದೆ ಓರೆಗೆರೆಯೊಂದಿಗೆ ವ್ಯಾಲಿಡೇಟ್, ಮತ್ತೊಂದು ಓರೆಗೆರೆಯೊಂದಿಗೆ ಅಲೋಫುಲ್‌ಓಎಸ್ ಎಂದು (mbr2gpt /validate /allowFullOS) ಕೊಟ್ಟರೆ ಪರೀಕ್ಷೆ ಮಾತ್ರ ನಡೆಯುತ್ತದೆ, ಏನೂ ಬದಲಾಗುವುದಿಲ್ಲ. ಇಲ್ಲಿ ಸೋಲಲು ಸಾಮಾನ್ಯ ಕಾರಣ ಪಾರ್ಟಿಷನ್‌ಗಳು, ಎಂದರೆ ಡಿಸ್ಕ್ ಹಂಚಿಕೊಂಡ ಭಾಗಗಳು: ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ಒಂದೇ ಡಿಸ್ಕ್ ಅನ್ನು ಸಿ, ಡಿ, ಇ ಎಂದು ಹಂಚಿಕೊಂಡವರಿಗೆ ಎದುರಾಗುವುದು ಇದೇ. ಪರೀಕ್ಷೆ ಪಾಸಾದರೆ ವ್ಯಾಲಿಡೇಟ್ ಬದಲು ಕನ್ವರ್ಟ್ ಎಂದು ಕೊಡಿ, ಮುಗಿದ ಕೂಡಲೇ ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ ಯುಇಎಫ್‌ಐ ಆಯ್ಕೆ ಮಾಡಿ. ಇದಕ್ಕೆ ಮೊದಲು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಾಗಿಸುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು, ಎನ್‌ಕ್ರಿಪ್ಶನ್ ತಾತ್ಕಾಲಿಕವಾಗಿ ನಿಲ್ಲಿಸಿ. ಬಯಾಸ್ ಮತ್ತು ಟಿಪಿಎಂ ಬದಲಾದ ತಕ್ಷಣ ಯಂತ್ರ ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ನಿಮಗೂ ಸಿಗುವುದಿಲ್ಲ.

ಪ್ರೊಸೆಸರ್ ಸಾಲಿಗೆ ಕೆಂಪು ಬಂದರೆ ಮಾತ್ರ ಬಯಾಸ್‌ನಲ್ಲಿ ಪರಿಹಾರವಿಲ್ಲ. ಇಂಟೆಲ್‌ನಲ್ಲಿ ಸ್ಥೂಲವಾಗಿ 8ನೇ ಪೀಳಿಗೆಯಿಂದ ಮೇಲಿನವು ಪಟ್ಟಿಯಲ್ಲಿವೆ. ಐ5-8250ಯು ಎಂದರೆ 8ನೆಯದು, ಐ5-7200ಯು ಎಂದರೆ 7ನೆಯದು, ಅದು ಪಟ್ಟಿಯಲ್ಲಿಲ್ಲ. ಎಎಂಡಿಯಲ್ಲಿ ಹೆಸರಿನ ಅಂಕಿ ನೋಡಿ ನಿರ್ಧರಿಸಬೇಡಿ. ಅಲ್ಲಿ ಒಂದೇ ಸಾವಿರದ ಸರಣಿಯಲ್ಲಿ ಬೇರೆ ಬೇರೆ ಪೀಳಿಗೆಯ ಚಿಪ್‌ಗಳು ಬೆರೆತಿವೆ, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲೇ ಪೂರ್ತಿ ಹೆಸರು ಹುಡುಕಬೇಕು. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಸೆಲೆರಾನ್ ಎನ್4000 ಪಟ್ಟಿಯಲ್ಲಿದೆ, ಆದರೆ 4 ಜಿಬಿ ರ‍್ಯಾಮ್ ಜೊತೆಗೆ ಅದರ ಮೇಲೆ ವಿಂಡೋಸ್ 11 ಓಡಿಸುವುದು ದಿನವೂ ತಾಳ್ಮೆ ಪರೀಕ್ಷೆ. 7ನೇ ಪೀಳಿಗೆಯ ಐ7, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಯಂತ್ರ ಪಟ್ಟಿಯಿಂದ ಹೊರಗಿದ್ದರೂ ಅದಕ್ಕಿಂತ ಎಷ್ಟೋ ಪಾಲು ಚುರುಕು.

ಹಾಗಾದರೆ ರೂಫಸ್‌ನಂಥ, ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ಉಪಕರಣದಿಂದ ಪರೀಕ್ಷೆಗಳನ್ನೇ ದಾಟಿ ವಿಂಡೋಸ್ 11 ಹಾಕಬಹುದಲ್ಲ? ಹಾಕಬಹುದು, ಬಹಳ ಯಂತ್ರಗಳಲ್ಲಿ ಓಡುತ್ತದೆ ಕೂಡ. ಮಾಸಿಕ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತಿದ್ದರೂ, ಅವು ಬಂದೇ ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ವಾರ್ಷಿಕ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲವೂ ಮತ್ತೆ ಕೈಯಾರೆ ದಾಟಿಸಬೇಕು. ಹೋಮ್ ಮತ್ತು ಪ್ರೊಗಳಲ್ಲಿ ಪ್ರತಿ ವಾರ್ಷಿಕ ಆವೃತ್ತಿಗೆ 24 ತಿಂಗಳಷ್ಟೇ ಬೆಂಬಲ ಇರುವುದರಿಂದ ಈ ಕೆಲಸ ತಪ್ಪಿಸಲಾಗದು. ಜೊತೆಗೆ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ4.2 ಎಂಬ ಸೂಚನಾ ಗುಂಪು ಪ್ರೊಸೆಸರ್‌ನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊ ಯಂತ್ರಗಳು ಅಲ್ಲಿ ಬೂಟ್ ಕೂಡ ಆಗುವುದಿಲ್ಲ, ಯಾವ ಉಪಾಯವೂ ನಡೆಯದು. ಮನೆಯಲ್ಲಿರುವ ಎರಡನೇ ಯಂತ್ರಕ್ಕೆ, ಕೆಟ್ಟರೆ ಮತ್ತೆ ಹಾಕಿಕೊಳ್ಳುವ ತಿಳಿವಳಿಕೆ ಇದ್ದವರಿಗೆ ಈ ದಾರಿ ಸರಿ. ಜೀವನೋಪಾಯದ ಕೆಲಸ ನಡೆಯುವ ಏಕೈಕ ಲ್ಯಾಪ್‌ಟಾಪ್‌ಗೆ, ಅಥವಾ ದೂರದಲ್ಲಿರುವ ವಯಸ್ಸಾದ ತಂದೆತಾಯಿಯ ಯಂತ್ರಕ್ಕೆ, ದಯವಿಟ್ಟು ಬೇಡ.

ಲಿನಕ್ಸ್: ಹಾಕುವ ಮೊದಲೇ ಓಡಿಸಿ ನೋಡಬಹುದು

ಲಿನಕ್ಸ್‌ನ ಪರವಾಗಿ ದೊಡ್ಡ ಅಂಶ ಇದೇ. ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಇಡೀ ಓಎಸ್ ಓಡಿಸಿ ಪರೀಕ್ಷಿಸಬಹುದು. 8 ಜಿಬಿ ಪೆನ್‌ಡ್ರೈವ್ ತೆಗೆದುಕೊಂಡು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ರೂಪದ ಐಎಸ್‌ಒ (ಇಡೀ ಓಎಸ್ ಅಡಗಿರುವ) ಕಡತ ಇಳಿಸಿ, ರೂಫಸ್ ಅಥವಾ ಬಲೆನಾಎಚ್ಚರ್‌ನಿಂದ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ, ಕೀ ಯಾವುದು ಎಂಬುದು ತಯಾರಕರ ಮೇಲೆ ಹೋಗುತ್ತದೆ.

ಡೆಸ್ಕ್‌ಟಾಪ್ ಚೆನ್ನಾಗಿ ಕಂಡ ಕೂಡಲೇ ಒಪ್ಪಿಕೊಳ್ಳಬೇಡಿ. ವೈಫೈ ಹಿಡಿಯುತ್ತದೆಯೇ, ಹಾಡು ಹಾಕಿದರೆ ಸ್ಪೀಕರಿನಲ್ಲೂ ಹೆಡ್‌ಫೋನಿನಲ್ಲೂ ಕೇಳುತ್ತದೆಯೇ, ಕ್ಯಾಮೆರಾ ಮತ್ತು ಮೈಕ್ ವೀಡಿಯೊ ಕರೆಯಲ್ಲಿ ಕೆಲಸ ಮಾಡುತ್ತವೆಯೇ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು ಓಗೊಡುತ್ತವೆಯೇ, ಎಚ್‌ಡಿಎಂಐ ಹಾಕಿದರೆ ಟಿವಿಯಲ್ಲಿ ಚಿತ್ರ ಬರುತ್ತದೆಯೇ, ಎಲ್ಲ ನೋಡಿ. ಜನ ಮರೆಯುವ ಪರೀಕ್ಷೆಯೊಂದಿದೆ: ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಕಪ್ಪಾಗಿಯೇ ಉಳಿದರೆ, ಅಥವಾ ವೈಫೈ ವಾಪಸ್ ಬರದಿದ್ದರೆ, ದಿನನಿತ್ಯ ಅದೇ ತಲೆನೋವಾಗುತ್ತದೆ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಮೊದಲಿಗೆ ಸಂಪರ್ಕ ಸಿಗದೇ ಇರಬಹುದು. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಮೊಬೈಲ್ ಇಂಟರ್ನೆಟ್ ಹಂಚುವ ಆಯ್ಕೆ) ಆನ್ ಮಾಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ (ಯಂತ್ರದ ಭಾಗವನ್ನು ಓಎಸ್ ಬಳಸುವಂತೆ ಮಾಡುವ ತಂತ್ರಾಂಶ) ಹಾಕಿ. ಹಳೆಯ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಕಂಪನಿ ಅದರ ಡ್ರೈವರ್ ನಿಲ್ಲಿಸಿರುವ ಸಾಧ್ಯತೆ ಇದೆ. ಮುಕ್ತ ಡ್ರೈವರ್‌ನಲ್ಲಿ ಸಾಮಾನ್ಯ ಕೆಲಸ ನಡೆಯುತ್ತದೆ, ಆಟಗಳಿಗೆ ಸಾಲದು. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲ ನಿಧಾನ ಎನಿಸುವುದು ಸಹಜ, ವೇಗವನ್ನು ಅಲ್ಲಿ ಅಳೆಯಬೇಡಿ.

4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲವಿದೆ. ಕೆಲಸವೆಲ್ಲ ಬ್ರೌಸರ್‌ನಲ್ಲೇ ಮುಗಿಯುವವರಿಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಸಾಕು. ಅದಕ್ಕೆ 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಬೇಕು, ಆಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ಓಡುವುದಿಲ್ಲ. ಲಿನಕ್ಸ್‌ನಲ್ಲಿ ಕನ್ನಡ ಬರೆಯಲು ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಲು ಬಿಡುವ ತಂತ್ರಾಂಶ) ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಕೂಡ.

ಮೈಕ್ರೋಸಾಫ್ಟ್ ಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿ, ಅಡೋಬಿ ತಂತ್ರಾಂಶಗಳು, ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರ ತಂತ್ರಾಂಶ ನಿಮ್ಮ ಕೆಲಸದ ಜೀವಾಳವಾಗಿದ್ದರೆ ಲಿನಕ್ಸ್ ಬೇಡ. ಹೇಗೋ ಓಡಿಸಬಹುದು ಎನ್ನುವ ಉಪಾಯಗಳಿವೆ, ಆದರೆ ಹೇಗೋ ಓಡುವ ತಂತ್ರಾಂಶದ ಮೇಲೆ ದುಡಿಮೆ ನಿಲ್ಲಿಸಬಾರದು.

ಮ್ಯಾಕ್ ಇದ್ದವರಿಗೆ

ಇಲ್ಲಿ ಆಯ್ಕೆ ಕಡಿಮೆ. ಇಂಟೆಲ್ ಚಿಪ್‌ನ ಮ್ಯಾಕ್‌ಗಳಿಗೆ ಟಾಹೋ ಕೊನೆಯ ಮ್ಯಾಕ್‌ಓಎಸ್ ಎಂದು ಆಪಲ್ 2025ರಲ್ಲೇ ಹೇಳಿದೆ, ಅದೂ ಕೆಲವೇ ಇಂಟೆಲ್ ಮಾದರಿಗಳಿಗೆ ಸಿಗುತ್ತದೆ. ಸಾಮಾನ್ಯವಾಗಿ ಇತ್ತೀಚಿನ ಮೂರು ಆವೃತ್ತಿಗಳಿಗೆ ಭದ್ರತಾ ಅಪ್‌ಡೇಟ್ ಬರುತ್ತದೆ, ನಿಮ್ಮದು ಅದರೊಳಗಿದ್ದರೆ ಅವಸರವಿಲ್ಲ. ಮೊಜಾವೆ ಎಂಬ ಹಳೆಯ ಆವೃತ್ತಿಯಿಂದ ಮುಂದಕ್ಕೆ ಹೋಗುವವರು ಗಮನಿಸಬೇಕಾದದ್ದು, 2019ರ ಕ್ಯಾಟಲೀನಾ ಆವೃತ್ತಿಯಿಂದ 32 ಬಿಟ್ (ಈಗಿನ 64 ಬಿಟ್‌ಗೆ ಮೊದಲಿನ ಬಗೆಯ) ತಂತ್ರಾಂಶಗಳು ತೆರೆಯುವುದೇ ಇಲ್ಲ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ, ಆಪಲ್‌ನದಲ್ಲದ ಉಪಕರಣದಿಂದ ಬೆಂಬಲವಿಲ್ಲದ ಮಾದರಿಗಳಿಗೂ ಹೊಸ ಆವೃತ್ತಿ ಹಾಕಬಹುದು. ಅದಕ್ಕೂ ವಿಂಡೋಸ್ ದಾಟಿಸುವ ಉಪಾಯಕ್ಕೆ ಹೇಳಿದ ಎಚ್ಚರಿಕೆಯೇ ಅನ್ವಯಿಸುತ್ತದೆ.

ಡ್ರೈವರ್, ಪ್ರಿಂಟರ್, ಲೈಸೆನ್ಸ್

ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ತಂತ್ರಾಂಶ ಓಡುತ್ತದೆ, 32 ಬಿಟ್ ಡ್ರೈವರ್ ಓಡುವುದಿಲ್ಲ. ಈಗಿರುವುದು 32 ಬಿಟ್ ವಿಂಡೋಸ್ ಆಗಿದ್ದರೆ ಹಳೆಯ ಸ್ಕ್ಯಾನರ್, ಬಾರ್‌ಕೋಡ್ ಯಂತ್ರ, ಓಡಲು ಯುಎಸ್‌ಬಿ ಕೀಲಿ (ಡಾಂಗಲ್) ಬೇಡುವ ತಂತ್ರಾಂಶಗಳು ಇಲ್ಲೇ ಸಿಕ್ಕಿಬೀಳುತ್ತವೆ. ಒಂದೊಂದರ ಹೆಸರು ಬರೆದುಕೊಂಡು ತಯಾರಕರ ತಾಣದಲ್ಲಿ 64 ಬಿಟ್ ಡ್ರೈವರ್ ಇದೆಯೇ ನೋಡಿ. ಯಂತ್ರಗಳ ಸಂಖ್ಯೆಗೆ ಮಿತಿ ಇರುವ ಲೈಸೆನ್ಸ್‌ಗಳನ್ನು ಓಎಸ್ ಬದಲಿಸುವ ಮೊದಲೇ ಡಿಆ್ಯಕ್ಟಿವೇಟ್ ಮಾಡಿ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ವೈಫೈ ಡ್ರೈವರ್ ಮೊದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ. ಹೊಸ ಓಎಸ್‌ನಲ್ಲಿ ವೈಫೈ ಇಲ್ಲದಿದ್ದರೆ ಡ್ರೈವರ್ ಇಳಿಸಲೂ ದಾರಿ ಇರುವುದಿಲ್ಲ, ವಿಂಡೋಸ್ 11 ಹೋಮ್ ಅಂತೂ ಸೆಟಪ್ ಮುಗಿಸಲು ಇಂಟರ್ನೆಟ್ ಕೇಳುತ್ತದೆ.

ಇಷ್ಟಾದ ಮೇಲೆ ತೀರ್ಮಾನ ಕಷ್ಟವಲ್ಲ. ಪ್ರೊಸೆಸರ್ ಪಟ್ಟಿಯಲ್ಲಿದ್ದು, 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ವಿಂಡೋಸ್ 11 ಹಾಕಿ. ಪ್ರೊಸೆಸರ್ ಪಟ್ಟಿಯಲ್ಲಿಲ್ಲ, ಯಂತ್ರ ಗಟ್ಟಿಯಾಗಿದೆ, ಕೆಲಸ ಬ್ರೌಸರ್ ಮತ್ತು ಬರವಣಿಗೆಯದ್ದು ಎಂದಾದರೆ ಲಿನಕ್ಸ್ ಮಿಂಟ್. ವಿಂಡೋಸ್ ತಂತ್ರಾಂಶ ಬಿಡಲಾಗದು, ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂದರೆ ಇಎಸ್‌ಯು ಇರುವಷ್ಟು ದಿನ ಇದ್ದು, ಅಷ್ಟರಲ್ಲಿ ಬೇರೆ ಯಂತ್ರ ನೋಡಿ. ಡಿಸ್ಕ್, ಬ್ಯಾಟರಿ, ರ‍್ಯಾಮ್ ಮೂರನ್ನೂ ಬದಲಿಸಬೇಕು, ಮೇಲೆ ಕೀಲು ಮುರಿದಿದೆ, ಪರದೆಯಲ್ಲಿ ಗೆರೆ ಬಂದಿದೆ ಎಂದಾದರೆ ಆ ಯಂತ್ರಕ್ಕೆ ಇನ್ನು ದುಡ್ಡು ಸುರಿಯಬೇಡಿ.

ಇನ್‌ಸ್ಟಾಲ್ ಮಾಡುವ ಕ್ರಮ

1. ಎರಡು ಕಡೆ ಬ್ಯಾಕಪ್ ತೆಗೆಯಿರಿ, ಒಂದು ಬಾಹ್ಯ ಡಿಸ್ಕ್‌ಗೆ, ಇನ್ನೊಂದು ಕ್ಲೌಡ್‌ಗೆ ಅಥವಾ ಮತ್ತೊಂದು ಯಂತ್ರಕ್ಕೆ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್‌ನ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ಔಟ್‌ಲುಕ್‌ನ ಇಮೇಲ್‌ಗಳಿರುವ ಪಿಎಸ್‌ಟಿ ಕಡತ ಮರೆತುಹೋಗುವಂಥವು. ನಕಲಾದ ನಾಲ್ಕಾರು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಬಾರದು.

2. ಸಾಧ್ಯವಿದ್ದರೆ ಹೊಸ ಎಸ್‌ಎಸ್‌ಡಿ ಕೊಂಡು ಅದರ ಮೇಲೆ ಹೊಸದಾಗಿಯೇ ಓಎಸ್ ಹಾಕಿ. ಹಳೆಯ ಡಿಸ್ಕ್ ಬಿಚ್ಚಿ, ಮುಟ್ಟದೆ, ಎತ್ತಿಡಿ. ನಮ್ಮ ಪ್ರಕಾರ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ: ವೇಗವೂ ಸಿಗುತ್ತದೆ, ಏನಾದರೂ ಎಡವಟ್ಟಾದರೆ ಹಳೆಯ ಡಿಸ್ಕ್ ಹಾಕಿ ಹತ್ತು ನಿಮಿಷದಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು. ಬಿಚ್ಚುವಾಗ ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಕನೆಕ್ಟರ್ ಕಳಚಿದ ಮೇಲೆಯೇ ಡಿಸ್ಕ್ ಮುಟ್ಟಿ.

3. ಇದ್ದ ಡಿಸ್ಕ್‌ನಲ್ಲೇ ಅಪ್‌ಗ್ರೇಡ್ ಮಾಡುವುದಾದರೆ ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಮಾಡಿಕೊಳ್ಳಿ. ಹೊರಗಿನ ಆಂಟಿವೈರಸ್ ತೆಗೆಯಿರಿ. ಪ್ರಿಂಟರ್, ಡಾಂಗಲ್, ಬಾಹ್ಯ ಡಿಸ್ಕ್ ಎಲ್ಲ ಕಳಚಿ, ಚಾರ್ಜರ್ ಹಾಕಿಡಿ.

4. ಅಪ್‌ಗ್ರೇಡ್ ನಡೆಯುವಾಗ ಯಂತ್ರ ಹಲವು ಸಲ ರೀಸ್ಟಾರ್ಟ್ ಆಗುತ್ತದೆ, ಒಂದೇ ಶೇಕಡಾ ಅಂಕಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಪವರ್ ಬಟನ್ ಒತ್ತಬೇಡಿ.

ಎದುರಾಗುವ ದೋಷಗಳಲ್ಲಿ 0ಎಕ್ಸ್80070070 ಎಂದರೆ ಜಾಗ ಸಾಲದು. 0ಎಕ್ಸ್‌ಸಿ1900101ರಿಂದ ಶುರುವಾಗುವವು ಹೆಚ್ಚಾಗಿ ಡ್ರೈವರ್‌ನ ತೊಂದರೆ, ಹಳೆಯ ಗ್ರಾಫಿಕ್ಸ್ ಅಥವಾ ವೈಫೈ ಡ್ರೈವರ್ ತೆಗೆದು ಮತ್ತೆ ಪ್ರಯತ್ನಿಸಿ. ಸಿಸ್ಟಮ್ ರಿಸರ್ವ್‌ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ ಎಂಬ ಸಂದೇಶ ಬಂದರೆ ಗುಪ್ತವಾಗಿರುವ 100 ಎಂಬಿಯ ಬೂಟ್ ಪಾರ್ಟಿಷನ್ ತುಂಬಿದೆ. ಅದನ್ನು ಸರಿಪಡಿಸುವುದಕ್ಕಿಂತ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಬಹುಪಾಲು ಜನರಿಗೆ ಸುಲಭ.

ಮುಗಿದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಎಲ್ಲೂ ಇಲ್ಲವೆಂದು ನೋಡಿ. ಮೊದಲ ಒಂದೆರಡು ದಿನ ಇಂಡೆಕ್ಸಿಂಗ್ (ಹುಡುಕಾಟಕ್ಕೆಂದು ಕಡತಗಳ ಪಟ್ಟಿ ಮಾಡುವುದು), ಅಪ್‌ಡೇಟ್‌ಗಳು ಹಿನ್ನೆಲೆಯಲ್ಲಿ ನಡೆಯುವುದರಿಂದ ಫ್ಯಾನ್ ಜೋರಾಗಿ ತಿರುಗುತ್ತದೆ, ಅಷ್ಟಕ್ಕೇ ಬೇಸರಪಟ್ಟು ಹಿಂದಿರುಗಬೇಡಿ. ನಿಜವಾಗಿ ಸರಿಹೊಂದದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇದೆ, ಆದರೆ 10 ದಿನ ಮಾತ್ರ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡುವ ಡಿಐಎಸ್‌ಎಂ ಉಪಕರಣದ ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ ಆಯ್ಕೆಯಿಂದ (dism /online /set-osuninstallwindow /value:60) ಇದನ್ನು 60 ದಿನದವರೆಗೆ ವಿಸ್ತರಿಸಬಹುದು, ಹತ್ತು ದಿನ ಮುಗಿಯುವ ಮೊದಲೇ ಮಾಡಬೇಕು. ಡಿಸ್ಕ್ ಕ್ಲೀನಪ್ ಓಡಿಸಿ ಹಳೆಯ ಓಎಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದರೆ ವಾಪಸ್ ಹೋಗುವ ದಾರಿಯೂ ಮುಚ್ಚುತ್ತದೆ, ಜಾಗದ ಆಸೆಗೆ ಮೊದಲ ದಿನವೇ ಅಳಿಸಬೇಡಿ.

ಬದಿಗಿಟ್ಟ ಹಳೆಯ ಡಿಸ್ಕ್ ಒಂದೆರಡು ತಿಂಗಳು ಹಾಗೇ ಇರಲಿ. ಬಿಟ್ಟುಹೋದ ಕಡತ ನೆನಪಾಗುವುದು ಆಮೇಲೆಯೇ. ಆ ಅವಧಿ ಕಳೆದ ಮೇಲೆ ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್ ಡಿಸ್ಕ್ ಆಗಿ ಬಳಸಬಹುದು, 05, ಸಿ5, ಸಿ6 ಮೂರೂ ಸೊನ್ನೆ ಇದ್ದರೆ ಮಾತ್ರ. ಬೇರೆಯವರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಕಡತಗಳನ್ನು ಮರಳಿ ತೆಗೆಯಲು ಬರುತ್ತದೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಹಾರ್ಡ್‌ಡಿಸ್ಕ್‌ಗೆ ಅಷ್ಟು ಸಾಕು, 1 ಟಿಬಿ ಇದ್ದರೆ ಕೆಲವು ಗಂಟೆ ಹಿಡಿಯುತ್ತದೆ.